ಪೆನ್‌ಡ್ರೈವ್ ಕೊರಳಿಗೆ ಕಟ್ಟಿಕೊಂಡ ಮಳೆಗಾಲ

ಹೋದ ತಿಂಗಳು ಸಂಬಂಧಿಕರ ಮನೆಯ ಬಸುರಿ ಸೊಸೆಯ ಕುಬಸಕ್ಕೆಂದು ಬಾದಾಮಿಗೆ ಹೋಗಿದ್ದೆವು. ಬಸ್ಸಿಳಿದಾಗ ಮಳೆ ಆಗಷ್ಟೇ ನಿಂತಿತ್ತು. ಸ್ಟೇಷನ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದಿರಬೇಕು, ಕಾದ ಎಣ್ಣೆಗೆ ಬಿದ್ದ ಮಿರ್ಚಿಯ ವಾಸನೆ ಬಂತು. ಹಿಟ್ಟಿಗೆ ಕಲಸಿದ ಅಜವಾನದ ಘಮ, ಅದರ ಹಿಂದೆಯೇ ನೆಂದ ಕೆಂಪು ಕಲ್ಲಿನ ವಾಸನೆ. ನನ್ನ ಕಾಲು ತಾನಾಗಿಯೇ ನಿಂತಿತು.

"ಯಾಕ, ಹಸಿವ್ಯಾತೇನು?" ಎಂದರು ನನ್ನ ಗಂಡ ಮಲ್ಲಿಕಾರ್ಜುನ.

"ಇಲ್ಲ. ಮ್ಯಾಲಿನ ಖೋಲಿ ಇನ್ನೂ ಐತೇನು ನೋಡ್ರಿ."

ಅವರು ತಲೆ ಎತ್ತಿ ನೋಡಿದಂತಾಯಿತು. "ಖೋಲಿ ಐತಿ. ಈಗ ಮೊಬೈಲ್ ರಿಪೇರಿ ಅಂಗಡಿ ಬೋರ್ಡ್ ಹಾಕ್ಯಾರ."

ಆ ಖೋಲಿಯಲ್ಲಿ ನಾನು ಒಂದು ಮಳೆಗಾಲವನ್ನು ಕಳೆದಿದ್ದೇನೆ. ನಾನು ಕಣ್ಣು ಕಳೆದುಕೊಂಡ ವರ್ಷದ ಮಳೆಗಾಲ ಅದು.

ಎಡಗಣ್ಣು ಮೊದಲೇ ಮಂದವಾಗಿತ್ತು. ಆ ವರ್ಷದ ಬೇಸಿಗೆಯಲ್ಲಿ ಬಲಗಣ್ಣಿನದೂ ಶುರುವಾಯಿತು. ಮೊದಲು ಗೋಡೆಯ ಮೂಲೆಗಳು ಹೋದವು, ಆಮೇಲೆ ಎದುರಿಗೆ ಕೂತವರ ಹಣೆ, ಕಿವಿ. ಬಾಗಲಕೋಟೆಯ ದವಾಖಾನೆಯಲ್ಲಿ ಕಣ್ಣಿನ ಹಿಂಬದಿಯ ಪರದೆಯೇ ಕೆಟ್ಟಿದೆಯೆಂದರು. ಲೇಸರ್ ಆಯಿತು, ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದ್ದೂ ಆಯಿತು. ಕೊನೆಯ ಸಲ ಹೋದಾಗ ಡಾಕ್ಟರು ನನ್ನೊಡನೆ ಮಾತಾಡಲಿಲ್ಲ, ಗಂಡನನ್ನು ಕೇಳಿದರು.

"ಇವ್ರು ಏನ್ ಕೆಲಸ ಮಾಡ್ತಾರ್ರಿ?"

"ಹುನಗುಂದದಾಗ ವಕೀಲರ ಕಡೆ ಟೈಪಿಂಗ್ ಮಾಡ್ತಾಳ್ರಿ."

ಡಾಕ್ಟರು ಪೆನ್ನಿನ ಕ್ಯಾಪು ಹಾಕಿದ ಸದ್ದು ಕೇಳಿತು. "ಓದೂದು ಇನ್ನ ಆಗಂಗಿಲ್ಲರಿ" ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನಾನು ಗಂಡನಿಗೆ ಕೇಳಿದ್ದು, ಬುತ್ತಿ ಡಬ್ಬಿಯನ್ನು ಒಳಗೇ ಬಿಟ್ಟು ಬಂದಿರೇನು ಎಂದು. ಇಲಕಲ್ಲಿನ ಮನೆಯಲ್ಲಿ ಅತ್ತೆ, ನೆರೆಯವರು, ನನ್ನ ತವರಿನವರು, ಎಲ್ಲರೂ ನಾನು ಅಳುವುದನ್ನೇ ಕಾಯುತ್ತಿದ್ದರು. ಅತ್ತೆಯಂತೂ ನನ್ನ ಪಕ್ಕ ಕೂತು ತಾವೇ ಅತ್ತು, ಮೂಗು ಒರೆಸಿಕೊಂಡು, "ಅತ್ತಬಿಡವ್ವಾ, ಹಗರ ಆಕ್ಕೈತಿ" ಎನ್ನುತ್ತಿದ್ದರು. ನನಗೆ ಬರಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ಮುಟ್ಟಿಕೊಂಡರೆ ಬೇರೆಯವರ ದವಡೆಯಂತೆ ಅನಿಸುತ್ತದಲ್ಲ, ನಾನು ಇಡಿಯಾಗಿ ಹಾಗಾಗಿದ್ದೆ. ಊಟ ಕೊಟ್ಟರೆ ಉಂಡೆ. ಮಲಗು ಎಂದರೆ ಮಲಗಿದೆ.

ವಕೀಲರು ಒಳ್ಳೆಯವರು. ಮನೆಗೇ ಬಂದು ಹೇಳಿದರು. "ಗಿರಿಜಾ, ದೀಪಾವಳಿ ಮಟಾ ನಿನ್ನ ಜಾಗಾಕ್ಕ ಯಾರನ್ನೂ ತಗೊಳಂಗಿಲ್ಲ. ಬಸವರಾಜ ಸಂಭಾಳಿಸ್ತಾನ. ಆಮ್ಯಾಗ ಮಾತ್ರ ನಂಗೂ ಕಷ್ಟ ಆಕ್ಕೈತವಾ." ಬಸವರಾಜ ಅವರ ಜೂನಿಯರ್. ಎರಡೇ ಬೆರಳಿನಲ್ಲಿ ಟೈಪ್ ಮಾಡುವವನು. ನಾನು ಹೂಂ ಎಂದೆ. ಕೆಲಸ ಹೋಗುತ್ತದೆ ಎಂಬುದು ನನಗೆ ಅರ್ಥವಾಯಿತು, ತಟ್ಟಲಿಲ್ಲ.

ಮುಂಗಾರಿನ ಗಾಳಿ ಬೀಸತೊಡಗಿತು. ನಮ್ಮ ಓಣಿಯಲ್ಲಿ ಹಗಲೆಲ್ಲ ಪವರ್‌ಲೂಮಿನ ಸದ್ದು. ನನ್ನ ಗಂಡನದೂ ಅದೇ ಕೆಲಸ. ಮಗ್ಗದ ಸದ್ದು ಒಮ್ಮೆಲೇ ನಿಂತರೆ ಕರೆಂಟು ಹೋಯಿತೆಂದು ತಿಳಿಯುತ್ತಿತ್ತು, ಗಂಡ ಒಳಗೆ ಬಂದು ನೀರು ಕುಡಿಯುತ್ತಿದ್ದರು, ನನ್ನ ಮಂಚದ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ನಿಂತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಮಾತಾಡಿಸುತ್ತಿರಲಿಲ್ಲ. ನಾನೂ ಮಾತಾಡುತ್ತಿರಲಿಲ್ಲ.

ರಜಿಯಾ ಎಂಬವಳ ಸುದ್ದಿ ತಂದವರು ಅವರೇ. ನೂಲಿನ ವ್ಯಾಪಾರಿಯೊಬ್ಬರು ಹೇಳಿದ್ದರಂತೆ. "ಬಾದಾಮ್ಯಾಗ ಒಂದ್ ಹುಡುಗಿ ಅದಾಳಂತ. ಹುಟ್ಟಾ ಕಣ್ಣಿಲ್ಲ. ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಸ್ತಾಳಂತ. ಹೋಗಿ ಬರೂಣು?" ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮುಂದಿನ ಐತವಾರ ಸಾಮಾನು ಹೋದ ಹಾಗೆ ಬಸ್ಸಿನಲ್ಲಿ ಕೂತು ಹೋದೆ.

ಮಿರ್ಚಿ ಅಂಗಡಿಯ ಪಕ್ಕದ ಇಕ್ಕಟ್ಟಾದ ಪಾವಟಿಗೆ ಹತ್ತಿದರೆ ಅವಳ ಖೋಲಿ. ದನಿಯಿಂದ ನನಗಿಂತ ಏಳೆಂಟು ವರ್ಷ ಸಣ್ಣವಳೆನಿಸಿತು. ಹೇಗಾಯಿತು, ಯಾವಾಗಾಯಿತು, ಡಾಕ್ಟರು ಏನಂದರು, ಯಾವುದನ್ನೂ ಕೇಳಲಿಲ್ಲ. ನನ್ನ ಕೈ ಹಿಡಿದು ಕೀಬೋರ್ಡಿನ ಮೇಲಿಟ್ಟಳು.

"ಯಾವ ಅಕ್ಷರ ಎಲ್ಲಿ ಐತಿ ಗೊತ್ತೈತಿಲ್ರಿ ಅಕ್ಕಾರ?"

"ಗೊತ್ತೈತಿ."

"ಹಂಗಾರ ಅರ್ಧಾ ಕೆಲಸ ಆತು ಬಿಡ್ರಿ. ನನ್ನ ಕಡೆ ಬರೂ ಮಂದಿಗೆ ಅದನ್ನ ಕಲಸೂದ್ರಾಗನ ನನ್ನ ಗಂಟ್ಲಾ ಹರೀತೈತಿ."

ಆಮೇಲೆ ಅಂಗೈಯಲ್ಲಿ ಒಂದು ಪೆನ್‌ಡ್ರೈವ್ ಇಟ್ಟಳು. ಅವರೆಕಾಯಿಗಿಂತ ಚಿಕ್ಕದು. ಅದರಲ್ಲಿ ಒಂದು ಸ್ಕ್ರೀನ್ ರೀಡರ್ ಇದೆಯೆಂದಳು. ಕಂಪ್ಯೂಟರಿನ ಪರದೆಯ ಮೇಲೆ ಏನೇನು ಬರೆದಿದೆಯೋ ಅದನ್ನೆಲ್ಲ ಓದಿ ಹೇಳುವ ತಂತ್ರಾಂಶ. ಅದನ್ನು ಕಂಪ್ಯೂಟರಿನೊಳಗೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವಿನಿಂದಲೇ ನಡೆಯುತ್ತದೆ.

"ಮಂದಿ ಕಂಪ್ಯೂಟರ್‌ದಾಗ ನಮಗ ಇನ್‌ಸ್ಟಾಲ್ ಮಾಡಾಕ ಯಾರ್ ಬಿಡ್ತಾರ್ರಿ? ಪಾಸ್‌ವರ್ಡ್ ಕೇಳ್ತೈತಿ, ಅದು ಮಾಲಕರ ಕಡೆ ಇರ್ತೈತಿ. ಇದಕ್ಕ ಯಾರನ್ನೂ ಕೇಳಬೇಕಾಗಿಲ್ಲ. ಹಾಕ್ರಿ, ಚಾಲೂ ಮಾಡ್ರಿ, ಕೆಲಸ ಮುಗಿಸಿ ಕಿತ್ಕೊಂಡ್ ಬರ್ರಿ. ಕಂಪ್ಯೂಟರ್ ಮೊದ್ಲ ಹೆಂಗಿತ್ತೋ ಹಂಗ."

ಅದೇ ಪೆನ್‌ಡ್ರೈವಿನಲ್ಲಿ ಇನ್ನೂ ಏನೇನೋ ಇದ್ದವು. ಕನ್ನಡ ಟೈಪಿಸಲು ಒಂದು ಕೀಬೋರ್ಡ್, ಬರೆಯಲು ಭಾರವಿಲ್ಲದ ಒಂದು ಎಡಿಟರ್, ಸ್ಕ್ಯಾನ್ ಮಾಡಿದ ಹಾಳೆಯಿಂದ ಅಕ್ಷರ ಎತ್ತಿಕೊಡುವುದೊಂದು, ಪಿಡಿಎಫ್ ತೆರೆಯುವುದೊಂದು, ಹಾಡು ಕೇಳಲು ಒಂದು, ಅಳಿಸಿಹೋದ ಫೈಲನ್ನು ಮತ್ತೆ ಹುಡುಕಿ ಕೊಡುವುದೊಂದು. ಎಲ್ಲವೂ ಪುಕ್ಕಟೆ ಸಿಗುವಂಥವು. ಪ್ರತಿಯೊಂದನ್ನೂ ಅದರದರ ಫೋಲ್ಡರಿನಲ್ಲಿ ಇಟ್ಟಿದ್ದಳು. ಅವಳ ಸ್ವಂತ ಕಂಪ್ಯೂಟರು ಕೆಟ್ಟು ಕೂತ ದಿನ ಪಕ್ಕದ ಝೆರಾಕ್ಸ್ ಅಂಗಡಿಗೆ ಹೋಗಿ ಇದನ್ನು ಚುಚ್ಚಿದರೆ ಅದೇ ಅವಳ ಕಂಪ್ಯೂಟರು.

ಅದರ ದನಿ ಕೇಳಿದಾಗ ಮೊದಲು ಕನ್ನಡವೆಂದೇ ತಿಳಿಯಲಿಲ್ಲ. ನೆಗಡಿಯಾದ ಗಂಡಸೊಬ್ಬ ಉಸಿರು ತೆಗೆದುಕೊಳ್ಳದೆ ಓದಿದ ಹಾಗಿತ್ತು. ರಜಿಯಾ ಅದನ್ನು ಓಡುವ ವೇಗದಲ್ಲಿ ಕೇಳುತ್ತಿದ್ದಳು. ನನಗೆಂದು ನಿಧಾನ ಮಾಡಿದಳು. "ನಿಮಗ ಈಗ ಎತ್ತಿನ ಬಂಡಿ ಹೊಡೀತೇನಿ. ಬರಬರತಾ ನೀವ ಬೈತೀರಿ, ಎಷ್ಟ ಸಾವಕಾಶ ಓದ್ತೈತಿ ಅಂತ."

ಕಷ್ಟದ ಕೆಲಸವೆಂದರೆ ಅದನ್ನು ಚಾಲೂ ಮಾಡುವುದು. ಪೆನ್‌ಡ್ರೈವ್ ಹಾಕಿದರೆ ಒಂದು ಕಂಪ್ಯೂಟರು ಅದಕ್ಕೆ ಇ ಎಂದು ಹೆಸರಿಡುತ್ತದೆ, ಇನ್ನೊಂದು ಎಫ್ ಎಂದು, ಮತ್ತೊಂದು ಜಿ ಎಂದು. ಎರಡು ಗುಂಡಿ ಒಟ್ಟಿಗೆ ಒತ್ತಿ, ಒಂದು ಹೆಸರು ಊಹಿಸಿ, ಅಲ್ಲಿಂದ ತಂತ್ರಾಂಶದವರೆಗಿನ ದಾರಿಯನ್ನು ಟೈಪ್ ಮಾಡಿ, ಎಂಟರ್ ಒತ್ತಿ ಕಾಯಬೇಕು. ದನಿ ಬರದಿದ್ದರೆ ಊಹೆ ತಪ್ಪೆಂದು ಅರ್ಥ. ಪರದೆಯ ಮೇಲೆ ಏನು ಬಂದಿದೆಯೋ ಗೊತ್ತಿಲ್ಲ. ಅದನ್ನು ಮುಚ್ಚಿ ಇನ್ನೊಂದು ಹೆಸರು. ದನಿ ಬರುವ ತನಕ ಅಲ್ಲಿ ಕಂಪ್ಯೂಟರು ಇದೆ ಎಂಬುದಕ್ಕೂ ಫ್ಯಾನಿನ ಸದ್ದೊಂದೇ ಸಾಕ್ಷಿ. ಹಾಗೆ ಕಾಯುವುದು ನನಗೆ ಬೇಸರ ತರಿಸಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಬೇಸರ ತರಿಸುತ್ತಿರಲಿಲ್ಲ.

ಶ್ರಾವಣ ಮುಗಿಯುವವರೆಗೂ ವಾರಕ್ಕೊಮ್ಮೆ ಹೋದೆ. ಮೊದಮೊದಲು ಗಂಡ ಜತೆಗೆ ಬಂದರು. ಮಗ್ಗ ಬಿಟ್ಟು ಬರುವುದು ಅವರಿಗೆ ಕಷ್ಟವಾಗುತ್ತಿತ್ತು, ಆಮೇಲೆ ಕಂಡಕ್ಟರಿಗೆ ಹೇಳಿ ಹತ್ತಿಸತೊಡಗಿದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಮಾರುವವರ ಕೂಗು, ತೆರೆದ ಕಿಟಕಿಯಿಂದ ಮುಖಕ್ಕೆ ಬೀಳುವ ಸಣ್ಣ ಹನಿ. ಕಿಟಕಿ ಮುಚ್ಚಲೇ ಎಂದು ಯಾರಾದರೂ ಕೇಳಿದರೆ ನಿಮಗೆ ಬೇಕಾದರೆ ಮುಚ್ಚಿ ಎನ್ನುತ್ತಿದ್ದೆ.

ಪೆನ್‌ಡ್ರೈವ್ ಕಳೆದುಹೋದೀತೆಂದು ರಜಿಯಾ ಅದಕ್ಕೊಂದು ದಾರ ಪೋಣಿಸಿ ಕೊರಳಿಗೆ ಕಟ್ಟಿದ್ದಳು. ಅತ್ತೆ ಅದನ್ನು ಮುಟ್ಟಿ ನೋಡಿದರು. "ಲಿಂಗದ ಜೋಡಿ ಇದೇನ್ ಕಟ್ಕೊಂಡೀಯವಾ?"

"ಕಂಪ್ಯೂಟರಿಂದು."

"ಸ್ನಾನಾ ಮಾಡೂವಾಗ ತಗದ ಇಡು. ನೀರ ಹೊಕ್ಕರ ಕೆಟ್ಟೀತು" ಎಂದರು. ಬೇರೆ ಏನೂ ಅನ್ನಲಿಲ್ಲ.

ಇಲಕಲ್ಲಿನ ಸೈಬರ್ ಅಂಗಡಿಯಲ್ಲಿ, ನೆರೆಮನೆಯ ಹುಡುಗಿಯ ಲ್ಯಾಪ್‌ಟಾಪಿನಲ್ಲಿ, ಗಂಡನ ಗೆಳೆಯರೊಬ್ಬರ ಗ್ರಾನೈಟ್ ಕಾರ್ಖಾನೆಯ ಆಫೀಸಿನಲ್ಲಿ ಹಾಕಿ ನೋಡಿದೆ. ಗ್ರಾನೈಟ್ ಆಫೀಸಿನಲ್ಲಿ ಕೀಬೋರ್ಡಿನ ಮೇಲೆಲ್ಲ ಕಲ್ಲಿನ ಪುಡಿ. ಎಲ್ಲಿ ಹಾಕಿದರೂ ಅದೇ ನೆಗಡಿಯ ದನಿ. ಟೈಪಿಂಗಿನ ವೇಗ ಮೊದಲಿನಷ್ಟೇ ಆಯಿತು. ಗಣಪತಿ ಹಬ್ಬ ಕಳೆದ ಮೇಲೆ ಹುನಗುಂದಕ್ಕೆ ಹೊರಟೆ.

ವಕೀಲರ ಆಫೀಸಿನ ಹೊಸ್ತಿಲು, ಮೇಜಿನ ಮೂಲೆ, ನನ್ನ ಕುರ್ಚಿ, ಎಲ್ಲ ಇದ್ದಲ್ಲೇ ಇದ್ದವು. ಪೆನ್‌ಡ್ರೈವ್ ತೆಗೆದಾಗ ಬಸವರಾಜ ಅಂದ: "ಅಕ್ಕಾರ, ಅದನ್ನ ಹಾಕಬ್ಯಾಡ್ರಿ. ವೈರಸ್ ಬಂತಂದ್ರ ಎಲ್ಲಾ ಕೇಸಿನ ಫೈಲ್ ಹಾಳಾಗ್ತಾವ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವಕೀಲರು, "ಮೊದ್ಲ ತಪಾಸ ಮಾಡು. ಏನೂ ಇಲ್ಲಂದ್ರ ಹಾಕಲಿ" ಎಂದರು. ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಎಫ್ ಎಂದು ಊಹಿಸಿದೆ, ಮೊದಲ ಸಲಕ್ಕೇ ದನಿ ಬಂತು. ವಕೀಲರು, "ಅರೆ, ಮಾತಾಡ್ತೈತಲ್ಲ" ಎಂದು ಕುರ್ಚಿ ಎಳೆದುಕೊಂಡು ಕೂತರು. ನಾನು ಒಂದು ಹಳೆಯ ದಾವೆಯ ಫೈಲು ತೆರೆದೆ. ಹಿಂದೆ ನಾನೇ ಟೈಪ್ ಮಾಡಿದ್ದು.

ಅದು ಓದಿತು: "ಪಿ, ಎ, ಪೌಂಡ್, ಎ, ಕ್ಯೂ, ಎ..."

ಇನ್ನೊಂದು ಫೈಲು ತೆರೆದೆ. ಅದೂ ಹಾಗೆಯೇ. ಬಾಗಿಲಲ್ಲಿ ಕೂತಿದ್ದ ಕಕ್ಷಿದಾರರಲ್ಲಿ ಯಾರೋ ನಕ್ಕರು. ವಕೀಲರು ಕುರ್ಚಿ ಹಿಂದೆ ಸರಿಸಿದ ಸದ್ದಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹೊರಗಿನ ಕಟ್ಟೆಗೆ ಹೋಗಿ ರಜಿಯಾಳಿಗೆ ಫೋನ್ ಮಾಡಿದೆ.

ಅವಳು ಗೊಳ್ಳೆಂದು ನಕ್ಕಳು. "ಅಯ್ಯ, ಅದನ್ನ ಹೇಳೂದು ಮರ್ತೇಬಿಟ್ಟಿದ್ದೆ ನೋಡ್ರಿ. ನೀವು ಹಳೇ ಫಾಂಟಿನ್ಯಾಗ ಟೈಪ್ ಮಾಡೀರಿ. ಅದರಾಗ ಒಳಗಿರೂದು ಇಂಗ್ಲಿಷ್ ಅಕ್ಷರಾರಿ, ಕಣ್ಣಿಗಷ್ಟ ಕನ್ನಡ ಕಾಣ್ತಾವ. ನಾವು ಕಣ್ಣಿಂದ ನೋಡಂಗಿಲ್ಲಲ್ಲ, ನಮಗ ಒಳಗಿನದ ಕೇಳ್ತೈತಿ."

"ಹಂಗಾರ ನಾ ಇಷ್ಟ ವರ್ಷ ಟೈಪ್ ಮಾಡಿದ್ದು?"

"ಒಂದಽ ಒಂದು ಅಕ್ಷರ ಓದಂಗಿಲ್ಲ. ಖರೆ ಕನ್ನಡಕ್ಕ ತಿರುವಬೇಕು. ಪೆನ್‌ಡ್ರೈವ್‌ನಾಗ ಕಡೀ ಫೋಲ್ಡರ್ ತಗೀರಿ. ಕನ್ವರ್ಟರ್ ಐತಿ."

ಫೋನು ಕಿವಿಗಿಟ್ಟುಕೊಂಡೇ ಒಳಗೆ ಬಂದು ಅವಳು ಹೇಳಿದಂತೆ ಮಾಡಿದೆ. ಕನ್ವರ್ಟರು ಒಂದು ಕ್ಷಣ ಸುಮ್ಮನಿದ್ದು ಫೈಲನ್ನು ಯೂನಿಕೋಡಿಗೆ, ಅಂದರೆ ಅವಳು ಹೇಳಿದ ಖರೆ ಕನ್ನಡಕ್ಕೆ, ತಿರುಗಿಸಿಕೊಟ್ಟಿತು. ಈಗ ದನಿ ಓದಿದ್ದು ಕನ್ನಡ. "ವಾದಿಯು ಪ್ರತಿವಾದಿಯ ವಿರುದ್ಧ" ಎಂದು ಶುರುವಾಯಿತು. ಕೆಲವೆಡೆ ಒತ್ತಕ್ಷರಗಳು ಒಡೆದಿದ್ದವು, ಅರ್ಕಾವತ್ತು ಮುಂದಿನ ಅಕ್ಷರಕ್ಕೆ ಹಾರಿತ್ತು. ವಕೀಲರು ಮತ್ತೆ ಕುರ್ಚಿ ಎಳೆದುಕೊಂಡರು. "ಇದನ್ನ ಎಲ್ಲಾ ಫೈಲಿಗೂ ಮಾಡಾಕ ಆಕ್ಕೈತೇನು?" ಎಂದರು. ಆಗುತ್ತದೆ, ಆದರೆ ಒಂದೊಂದನ್ನೂ ಕೂತು ತಿದ್ದಬೇಕು ಎಂದೆ. "ಕೂಡು ಹಂಗಾರ" ಎಂದರು.

ಆಮೇಲಿನ ವಾರಗಳು ಅದರಲ್ಲೇ ಹೋದವು. ಹಳೆಯ ದಾವೆಗಳು, ತಕರಾರುಗಳು, ಪ್ರಮಾಣಪತ್ರಗಳು. ಹೊರಗೆ ಮಳೆ ಹೊಯ್ದು ಬಿಡುತ್ತಿತ್ತು, ಕೋರ್ಟಿನ ಕಡೆಯಿಂದ ಬಂದವರ ಚಪ್ಪಲಿಗೆ ಕರಿಮಣ್ಣು ಅಂಟಿಕೊಂಡು ನೆಲವೆಲ್ಲ ಜಿಗುಟು. ನಾನು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಬೇರೆಯವರ ಜಗಳಗಳನ್ನು ಕೇಳುತ್ತ, ಒಡೆದ ಅಕ್ಷರಗಳನ್ನು ಜೋಡಿಸುತ್ತಿದ್ದೆ. ಸಂಜೆ ಪೆನ್‌ಡ್ರೈವ್ ಕಿತ್ತುಕೊಂಡರೆ ಕಂಪ್ಯೂಟರು ಮೂಕ. ನಾನೂ ಹೆಚ್ಚುಕಡಿಮೆ ಹಾಗೆಯೇ ಮನೆಗೆ ಹೋಗುತ್ತಿದ್ದೆ.

ಗಂಗವ್ವ ಬಂದದ್ದು ಮಳೆ ಹಿಂದೆಗೆಯುವ ಹೊತ್ತಿಗೆ. ಐವತ್ತು ದಾಟಿದ ಹೆಂಗಸು, ಮಹಾಕೂಟದ ಗುಡಿಯಲ್ಲಿ ಕಸ ಹೊಡೆದುಕೊಂಡು ತಂಗಿಯ ಮನೆಯಲ್ಲಿದ್ದಳು. ಅವಳ ಗಂಡ ಬಹಳ ವರ್ಷಗಳ ಹಿಂದೆ ಮನೆ ಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಅವನ ಹೆಸರಿನಲ್ಲಿ ಹುನಗುಂದ ತಾಲೂಕಿನಲ್ಲಿ ಹೊಲವಿತ್ತು. ಅದು ಇವಳ ಹೆಸರಿಗೆ ಬರಬೇಕಾದರೆ ಅವನು ಸತ್ತಿದ್ದಾನೆಂದು ಕೋರ್ಟು ಹೇಳಬೇಕು. ಅದಕ್ಕೆ ಪ್ರಮಾಣಪತ್ರ ಸಿದ್ಧವಾಗಿತ್ತು, ನಾನೇ ಟೈಪ್ ಮಾಡಿದ್ದೆ. ಓದಲು ಬರದವರಿಗೆ ಅದರಲ್ಲಿರುವುದನ್ನು ಓದಿ ಹೇಳಿ, ಒಪ್ಪಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಬೇಕು. ಎಂದಿನಂತೆ ಬಸವರಾಜನೇ ಅದನ್ನು ಮಾಡಬೇಕಿತ್ತು. ಆ ಹೊತ್ತಿಗೆ ಬೇರೊಂದು ಕೇಸು ಕೂಗಿದರೆಂದು ಅವನೂ ವಕೀಲರೂ ಎದ್ದು ಓಡಿದರು. ವಕೀಲರು ಬಾಗಿಲಿನಿಂದಲೇ, "ಗಿರಿಜಾ, ಅಷ್ಟೊತ್ತಿಗೆ ನೀ ಓದಿ ಹೇಳಿರು" ಎಂದರು.

ಗಂಗವ್ವ ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು. ವಿಭೂತಿಯ ವಾಸನೆ, ಕಸಬರಿಗೆಯ ಒಣಹುಲ್ಲಿನ ವಾಸನೆ. ನಾನು ಕೆಳಗಿನ ಬಾಣದ ಗುಂಡಿ ಒತ್ತುತ್ತ, ಕಿವಿಯಲ್ಲಿ ಬಂದ ಸಾಲನ್ನು ಬಾಯಿಯಿಂದ ಹೇಳುತ್ತ ಹೋದೆ. ದನಿ ಒಂದು ಸಾಲು ಮುಂದೆ, ನಾನು ಹಿಂದೆ.

"ನನ್ನ ಪತಿಯು ಮನೆ ಬಿಟ್ಟು ಹೋದವರು ಈವರೆಗೂ ಮರಳಿ ಬಂದಿರುವುದಿಲ್ಲ. ಏಳು ವರ್ಷಗಳಿಗೂ ಮೇಲ್ಪಟ್ಟು ಅವರ ಬಗ್ಗೆ ಯಾರೂ ಏನನ್ನೂ ಕೇಳಿರುವುದಿಲ್ಲ. ಆದ್ದರಿಂದ ಅವರು ಮೃತಪಟ್ಟಿದ್ದಾರೆಂದು ಭಾವಿಸತಕ್ಕದ್ದು."

"ಕಡೀದು ಇನ್ನೊಮ್ಮೆ ಓದವಾ."

ಮೇಲಿನ ಬಾಣ ಒತ್ತಿದೆ. ಕಿವಿಯಲ್ಲಿ ಅದೇ ದನಿ, ಅದೇ ಏರಿಳಿತ. ನಾನೂ ಓದಿದೆ.

"ಸತ್ತಾನಂತ ಬರದೈತೇನು?"

"ಸತ್ತಾರಂತ ತಿಳಕೋಬೇಕು ಅಂತ ಬರದೈತ್ರಿ."

"ಎರಡೂ ಬ್ಯಾರೆ ಏನು?"

"ಕೋರ್ಟಿಗೆ ಒಂದಽ ಅಂತರಿ."

"ಕುಂಕುಮ ಬಿಟ್ಟಿಲ್ಲ ನಾ. ಈ ಕಾಗದ ಆದ್ರ ಬಿಡಬೇಕೇನು?"

"ಅದನ್ನ ಇದರಾಗ ಬರದಿಲ್ಲರಿ."

"ಮಂದಿ ಅಂತಾರ, ಆಕಿ ಒಂದ್ ಹನಿ ಅಳಲಿಲ್ಲ ಅಂತ" ಎಂದಳು. ನನಗೆ ಹೇಳಿದಂತಿರಲಿಲ್ಲ, ಹೊರಗಿನ ರಸ್ತೆಗೆ ಹೇಳಿದಂತಿತ್ತು. "ಯಾವತ್ತ ಅಳಬೇಕಿತ್ತು ಹೇಳು. ಹ್ವಾದ ದಿನಾ ಬರ್ತಾನ ಅಂತ ಅಳಲಿಲ್ಲ. ಮರದಿನಾನೂ ಬರ್ತಾನ ಅಂತ ಅಳಲಿಲ್ಲ. ಆಮ್ಯಾಗ ಇಂಥಾದ್ದಽ ದಿನಾ ಅಂತ ಯಾವುದೂ ಬರಲಿಲ್ಲ ನೋಡು."

ನನ್ನ ಬೆರಳು ಬಾಣದ ಗುಂಡಿಯ ಮೇಲೆಯೇ ಇತ್ತು. ಮೊದಲು ಗೋಡೆಯ ಮೂಲೆ, ಆಮೇಲೆ ಹಣೆ, ಕಿವಿ. ನನಗೂ ಇಂಥದ್ದೇ ದಿನ ಎಂದು ಯಾವುದೂ ಬಂದಿರಲಿಲ್ಲ.

"ಆತು, ಒತ್ತತೇನಿ" ಎಂದಳು ಗಂಗವ್ವ. "ಎಲ್ಲಿ ಒತ್ತಲಿ, ತೋರಸು."

"ನಂಗ ಕಾಣಂಗಿಲ್ಲರಿ."

"ಏನೂ?"

"ಏನೂ."

"ಮತ್ತ ಇಷ್ಟೊತ್ತನಾ ಓದಿದಿ?"

ಇಯರ್‌ಫೋನನ್ನು ಒರೆಸಿ ಅವಳ ಕೈಗೆ ಕೊಟ್ಟು, ಕಿವಿಗೆ ಇಟ್ಟುಕೊಳ್ಳಲು ಹೇಳಿ ಗುಂಡಿ ಒತ್ತಿದೆ. ಅವಳು ಕೇಳಿದಳು. "ಯಾರೋ ಗಂಡಮಗ ಓದಾಕತ್ತಾನ. ಮೂಗಿನ್ಯಾಗ" ಎಂದು ಮೆಲ್ಲಗೆ ನಕ್ಕಳು. "ಇವಂಗೂ ಗೊತ್ತಾತಂದಂಗಾತು, ನನ್ನ ಗಂಡ ಸತ್ತದ್ದು." ಇಯರ್‌ಫೋನ್ ಹಿಂದಕ್ಕೆ ಕೊಟ್ಟು ನನ್ನ ಮೊಣಕೈ ಹತ್ತಿರ ಒಮ್ಮೆ ಮುಟ್ಟಿದಳು. ಆಮೇಲೆ ಬಸವರಾಜ ಬಂದು ಅವಳ ಹೆಬ್ಬೆಟ್ಟು ಹಿಡಿದು ಜಾಗ ತೋರಿಸಿದ.

ದೀಪಾವಳಿಯ ನಂತರವೂ ನನ್ನ ಜಾಗ ನನಗೇ ಉಳಿಯಿತು. ಈಗಲೂ ಅಲ್ಲೇ ಇದ್ದೇನೆ. ಗಂಗವ್ವನ ಹೊಲ ಮರುವರ್ಷ ಅವಳ ಹೆಸರಿಗೆ ಬಂತು. ನಕಲು ಒಯ್ಯಲು ಬಂದಾಗ ಹಣೆಯ ಮೇಲೆ ಕುಂಕುಮ ಇತ್ತೆಂದು ಬಸವರಾಜ ಹೇಳಿದ. ರಜಿಯಾ ಮದುವೆಯಾಗಿ ವಿಜಯಪುರಕ್ಕೆ ಹೋದಳು. ಹೊಸ ತಂತ್ರಾಂಶ ಬಂದಾಗಲೆಲ್ಲ ಫೋನ್ ಮಾಡಿ, ಎತ್ತಿನ ಬಂಡಿ ಈಗ ಎಷ್ಟು ಜೋರು ಓಡುತ್ತದೆ ಎಂದು ಕೇಳುತ್ತಾಳೆ.

ಆದರೆ ಗಂಗವ್ವ ಬಂದುಹೋದ ಆ ದಿನದ ಸಂಜೆ ನಡೆದದ್ದನ್ನು ಹೇಳಬೇಕು. ಇಲಕಲ್ಲಿನಲ್ಲಿ ಬಸ್ಸಿಳಿದಾಗ ಗಂಡ ಎಂದಿನಂತೆ ಗಾಡಿ ತಂದು ನಿಂತಿದ್ದರು. "ಆರಾಮ ಬಂದ್ಯೇನು?" ಎಂದು ಕೇಳಿ, ನನ್ನ ಕೈಯನ್ನು ತಮ್ಮ ಹೆಗಲಿಗೆ ಇಟ್ಟುಕೊಂಡರು. ದಿನಾ ಹೂಂ ಎನ್ನುತ್ತಿದ್ದೆ. ಅವತ್ತು ಅನ್ನಲಿಲ್ಲ.

"ನಿಮ್ಮ ಮಾರಿ ಹೆಂಗಿತ್ತು ಅನ್ನೂದು ಮರಿಯಾಕತ್ತೈತ್ರಿ ನಂಗ."

ಅವರು ಗಾಡಿ ಚಾಲೂ ಮಾಡಲಿಲ್ಲ. ಸುತ್ತಲೂ ಬಸ್ಸುಗಳ ಸದ್ದು, ಬಾಗಲಕೋಟೆ, ಬಾಗಲಕೋಟೆ ಎಂದು ಕೂಗುವ ಕಂಡಕ್ಟರು.

"ಏನೂ ನೆನಪಿಲ್ಲೇನು?"

"ಮೀಸಿ ನೆನಪೈತಿ. ಉಳಿದದ್ದು ಕೂಡಾಕ ವಲ್ಲದು."

"ಮೀಸಿ ಇಲ್ಲ ಈಗ. ತಗದೇನಿ."

"ಯಾವಾಗ?"

"ನೀ ಬಾಗಲಕೋಟಿ ದವಾಖಾನ್ಯಾಗ ಇದ್ದಾಗನ. ಬೆಳ್ಳಗ ಆಗಾಕತ್ತಿತ್ತು."

ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಒಂದೇ ಮನೆಯಲ್ಲಿ ಇದ್ದೆವು. ಅತ್ತೆ ಹೇಳಿರಲಿಲ್ಲ, ನೆರೆಯವರು ಹೇಳಿರಲಿಲ್ಲ. ನಾನೂ ಅಷ್ಟು ದಿನ ಕೈ ಚಾಚಿ ಮುಟ್ಟಿ ನೋಡಿರಲಿಲ್ಲ.

"ನಂಗ ಯಾಕ ಹೇಳಲಿಲ್ಲರಿ?"

"ಹೆಂಗ ಹೇಳಬೇಕು ತಿಳೀಲಿಲ್ಲ ಗಿರಿಜಾ."

ಅಳು ಬಂತು. ಬಸ್‌ಸ್ಟ್ಯಾಂಡಿನ ನಡುವೆ, ಅವರ ಹೆಗಲು ಹಿಡಿದುಕೊಂಡು, ಆ ಮೀಸೆಗಾಗಿ ಬಿಕ್ಕಿ ಬಿಕ್ಕಿ ಅತ್ತೆ. ಜನ ನಿಂತು ನೋಡಿರಬೇಕು. ಅವರು ಕದಲಲಿಲ್ಲ. ಬಹಳ ಹೊತ್ತಾದ ಮೇಲೆ, "ಮೀಸಿ ಬಿಡಲೇನು ಮತ್ತ?" ಎಂದರು.

"ಬ್ಯಾಡ್ರಿ" ಎಂದೆ. "ಹೆಂಗದೀರಿ ಹಂಗ ಇರ್ರಿ. ನಂಗ ಹೇಳ್ರಿ ಅಷ್ಟ."